ಡಚ್ಚರ ಆಫೀಸಿನಲ್ಲಿ ನಮ್ಮ ‘ಅಡ್ಡಿಲ್ಲ’

ಜಾತ್ರೆಗೆ ಅಂತ ಸಿರ್ಸಿಗೆ ಬಂದಿದ್ದೆ. ಡಚ್ಚರ ದೇಶ ನೆದರ್‌ಲ್ಯಾಂಡ್ಸ್‌ಗೆ ಹೊರಟಿರುವ ಕುಮಟೆಯ ಹುಡುಗನೊಬ್ಬ ಮನೆಗೆ ಬಂದ. ಚಳಿ ಎಷ್ಟು, ಕುಚ್ಚಲಕ್ಕಿ ಸಿಗುತ್ತಾ ಎಂದೆಲ್ಲ ಕೇಳಿದ. ಆಫೀಸಿನ ಜನ ಹೇಗೆ ಅಂತ ಮಾತ್ರ ಕೇಳಲಿಲ್ಲ. ಹೋಗುವಾಗ ನಾನೂ ಕೇಳಿರಲಿಲ್ಲ. ಅವನಿಗೆ ಹೇಳಿದ್ದನ್ನೇ ಹೊರಡುವವರಿಗೆಲ್ಲ ಬರೆಯುತ್ತಿದ್ದೇನೆ.

ನಮ್ಮ ಕಡೆಯ ‘ಅಡ್ಡಿಲ್ಲ’ಕ್ಕೆ ಹತ್ತು ಅರ್ಥ. ಅಪ್ಪೆಹುಳಿ ಅಡ್ಡಿಲ್ಲ ಅಂದರೆ ಇನ್ನೊಂದು ಲೋಟ ಕೊಡಿ ಅಂತ. ಹುಡುಗ ಅಡ್ಡಿಲ್ಲ ಅಂದರೆ ಸಂಬಂಧಕ್ಕೆ ಒಪ್ಪಿಗೆ. ನಾಳೆ ಅಡಿಕೆ ಕೊನೆಕೊಯ್ಲಿಗೆ ಬರ್ತ್ಯನೋ ಅಂದಾಗ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ತಲೆ ಕೆರೆದುಕೊಂಡು ‘ಅಡ್ಡಿಲ್ಲ, ನೋಡ್ವ’ ಅಂದರೆ ಬರುವುದಿಲ್ಲ ಅಂತ. ಮುಖ ನೋಡಿದರೇ ಗೊತ್ತಾಗುತ್ತದೆ, ಅಲ್ವಾ?

ಅಲ್ಲಿನ ಐಂಡ್‌ಹೋವನ್ ಊರಿನ ನನ್ನ ಮೊದಲ ಆಫೀಸಿನಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಮಾಡಿದೆ. ಈ ಕೆಲಸ ಶುಕ್ರವಾರಕ್ಕೆ ಆಗುತ್ತಾ ಅಂತ ಬುಧವಾರ ಮ್ಯಾನೇಜರ್ ಕೇಳಿದರು. ಆಗಲ್ಲ ಅಂತ ನನಗೆ ಗೊತ್ತಿತ್ತು. ‘ಟ್ರೈ ಮಾಡ್ತೇನೆ’ ಅಂದೆ. ಅವರು ಶುಕ್ರವಾರ ಅಂತ ಬರೆದುಕೊಂಡರು. ಸೋಮವಾರದ ಮೀಟಿಂಗಿನಲ್ಲಿ ಎಂಟು ಜನರ ಎದುರು, ‘ಆಗಲ್ಲ ಅಂತ ಬುಧವಾರವೇ ಯಾಕೆ ಹೇಳಲಿಲ್ಲ?’ ಅಂದರು. ದನಿ ಏರಿಸಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಮಧ್ಯಾಹ್ನ ಅದೇ ಮನುಷ್ಯ ಚೀಸ್ ಹಾಕಿದ ಬ್ರೆಡ್ಡಿನ ಡಬ್ಬಿ ಹಿಡಿದು ನನ್ನ ಪಕ್ಕದಲ್ಲೇ ಕೂತು, ಸೈಕಲ್ ಚೈನ್ ಕಳಚಿದ ಕತೆ ಹೇಳಿದರು. ನಾನು ಎರಡು ವಾರ ಅವರ ಹತ್ತಿರ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ!

ಆಗಲ್ಲ ಅನ್ನುವುದು ಅಲ್ಲಿ ಮರ್ಯಾದೆಗೆಟ್ಟ ಮಾತಲ್ಲ. ಯಾವಾಗ ಆಗುತ್ತದೆ ಅಂತಲೂ ಸೇರಿಸಿ ಹೇಳಿ, ಸಾಕು.

ತಮಾಷೆ ಅಂದರೆ, ಹೊಗಳುವುದರಲ್ಲಿ ಡಚ್ಚರು ನಮ್ಮ ಥರವೇ ಜಿಪುಣರು. ಎಷ್ಟು ಚೆನ್ನಾಗಿ ಮಾಡಿದರೂ ‘ನೀಟ್ ಸ್ಲೆಖ್ಟ್’, ಅಂದರೆ ‘ಕೆಟ್ಟದ್ದಲ್ಲ’. ಬೆಂಗಳೂರಿನ ಗೆಳೆಯರು ಇದಕ್ಕೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ನಮಗೆ ಯಾಕೆ ಬೇಜಾರು? ಅಪ್ಪಟ ಅಡ್ಡಿಲ್ಲ ಅದು.

ಮಾಸ್ತರ್ರು, ಅಕ್ಕೋರು ಅನ್ನುತ್ತ ಬೆಳೆದವರಿಗೆ ಬಾಸನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ಗೀರ್ಟ್ ಹಾಫ್‌ಸ್ಟೆಡ್ ಅನ್ನುವ ಡಚ್ ಸಂಶೋಧಕ ಬೇರೆ ಬೇರೆ ದೇಶಗಳ ಐಬಿಎಂ ಕಂಪನಿಯ ನೌಕರರ ಉತ್ತರ ಇಟ್ಟುಕೊಂಡು, ದೊಡ್ಡವರು ಚಿಕ್ಕವರು ಅನ್ನುವ ಅಂತರವನ್ನು ಜನ ಎಷ್ಟು ಒಪ್ಪುತ್ತಾರೆ ಅಂತ ಅಳೆದಿದ್ದರು. ಭಾರತಕ್ಕೆ 77 ಅಂಕ, ನೆದರ್‌ಲ್ಯಾಂಡ್ಸ್‌ಗೆ 38. ಇಂಟರ್ನ್ ಬಂದು ಬಾಸಿನ ತಪ್ಪು ತೋರಿಸಿದರೆ ಗಾಬರಿಯಾಗಬೇಡಿ.

ಹುಷಾರಿಲ್ಲದಿದ್ದರೆ ಹುಷಾರಿಲ್ಲ ಅಂದರೆ ಮುಗಿಯಿತು. ಯಾವ ಕಾಯಿಲೆ ಅಂತ ಕೇಳುವ ಹಕ್ಕು ಅಲ್ಲಿ ಮ್ಯಾನೇಜರಿಗಿಲ್ಲ. ನಾನು ಮೊದಲ ಸಲ ಎಷ್ಟು ಸಲ ವಾಂತಿಯಾಯಿತು ಅಂತೆಲ್ಲ ಮೇಲ್ ಬರೆದಿದ್ದೆ, ಸುಮ್ನೆ.

ಹುಟ್ಟುಹಬ್ಬ ಯಾರದೋ ಅವರೇ ಎಲ್ಲರಿಗೂ ತಿನಿಸು ತರಬೇಕು. ನಾನು ನಮ್ಮ ಕಡೆಯ ತೆಳ್ಳನೆಯ ಸಿಹಿತಿಂಡಿ ತೊಡದೇವು ಒಯ್ದಿದ್ದೆ. ಒಬ್ಬಳು ಅದನ್ನು ಬೆಳಕಿಗೆ ಹಿಡಿದು, ‘ಇದು ಕಾಗದವಾ, ಬಿಚ್ಚಿ ತಿನ್ನಬೇಕಾ?’ ಅಂದಳು. ಐದು ನಿಮಿಷದಲ್ಲಿ ಡಬ್ಬಿ ಖಾಲಿ.

ಊರಿಗೆ ಬರಲು ರಜೆ ಬೇಕಾದರೆ ಅಜ್ಜಿಯನ್ನು ಸುಳ್ಳೇ ಆಸ್ಪತ್ರೆಗೆ ಸೇರಿಸಬೇಡಿ. ಈ ಸಲ ನಾನು ನಾಲ್ಕು ತಿಂಗಳ ಮೊದಲೇ ಹೋಗಿ, ನಮ್ಮೂರ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಹೋಗಲೇಬೇಕು ಅಂದೆ. ಮ್ಯಾನೇಜರ್ ಕ್ಯಾಲೆಂಡರ್ ನೋಡಿ ‘ಹೋಗಿ ಬಾ’ ಅಂದರು. ಬಾಗಿಲ ತನಕ ಬಂದವನನ್ನು ಮತ್ತೆ ಕರೆದು, ‘ಬರುವಾಗ ಆ ಕಾಗದ ತಾ’ ಅಂದರು.