ಮೋಟಾರ್ ಟೈಮರ್‌ನಿಂದ ಸರ್ಕ್ಯೂಟ್ ಸಿಮ್ಯುಲೇಷನ್ ಕಲಿಯುವ ಬಗೆ

ದಾವಣಗೆರೆ ಜಿಲ್ಲೆಯ ಅಡಿಕೆ ತೋಟಗಳಲ್ಲಿ ಕೊಳವೆಬಾವಿಯ ಮೋಟಾರಿಗೆ ಜೋಡಿಸಿರುವ ಆಟೋ ಸ್ಟಾರ್ಟರನ್ನು ನೋಡಿರುತ್ತೀರಿ. ಹೋದ ಕರೆಂಟ್ ಬಂದ ಕೂಡಲೇ ಅದು ಮೋಟಾರನ್ನು ಚಾಲೂ ಮಾಡದೆ, ವೋಲ್ಟೇಜ್ ಒಂದು ನೆಲೆಗೆ ಬರಲೆಂದು ಕೆಲವು ಸೆಕೆಂಡು ಕಾಯುತ್ತದೆ. ಇಂಥ ವಿಳಂಬವನ್ನು ಕರೆಂಟಿಗೆ ತಡೆಯೊಡ್ಡುವ ಒಂದು ರೆಸಿಸ್ಟರ್ ಮತ್ತು ಚಾರ್ಜನ್ನು ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರಿನಿಂದಲೇ ಉಂಟುಮಾಡಬಹುದಾದ್ದರಿಂದ, ಸಿಮ್ಯುಲೇಷನ್, ಅಂದರೆ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವುದನ್ನು ಕಲಿಯಲು ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ. (ಸ್ಟಾರ್ಟರ್ ಪೆಟ್ಟಿಗೆಯೊಳಗೆ 400 ವೋಲ್ಟಿನಷ್ಟು ತ್ರೀ ಫೇಸ್ ಕರೆಂಟ್ ಇರುತ್ತದೆ, ಕಲಿಕೆಗೆಂದು ಅದನ್ನು ಎಂದಿಗೂ ಬಿಚ್ಚಬೇಡಿ.)

1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸ್ಪೈಸ್ ಎಂಬ ಸಿಮ್ಯುಲೇಷನ್ ಪ್ರೋಗ್ರಾಮಿನ ಪರಂಪರೆಗೆ ಸೇರಿದ ಎಲ್‌ಟಿಸ್ಪೈಸ್ ಮತ್ತು ಐಐಟಿ ಬಾಂಬೆಯ ಇ-ಸಿಮ್ ಎರಡೂ ಉಚಿತವಾಗಿ ಸಿಗುತ್ತವೆ. ಇಲ್ಲಿ ಎಲ್‌ಟಿಸ್ಪೈಸನ್ನು ಬಳಸೋಣ.

ಕಂಪ್ಯೂಟರ್ ತೆರೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. 100 ಕಿಲೋ ಓಮ್ ರೆಸಿಸ್ಟರನ್ನು 100 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ ಗುಣಿಸಿದರೆ 10 ಸೆಕೆಂಡು ಬರುತ್ತದೆ. ಅಷ್ಟು ಹೊತ್ತಿಗೆ ಕೆಪಾಸಿಟರ್ ತನ್ನ ಕೊನೆಯ ವೋಲ್ಟೇಜಿನ ಶೇ 63ರಷ್ಟನ್ನು, ಅಂದರೆ 12 ವೋಲ್ಟ್ ಕೊಟ್ಟಾಗ ಸುಮಾರು 7.6 ವೋಲ್ಟನ್ನು ಮುಟ್ಟಿರಬೇಕು. ಉತ್ತರ ಎಷ್ಟಿರಬೇಕೆಂದು ತಿಳಿಯದವರಿಗೆ ಪರದೆಯ ಮೇಲಿನ ತಪ್ಪು ಗ್ರಾಫ್ ಕೂಡ ಸರಿಯಾಗಿಯೇ ಕಾಣುತ್ತದೆ.

ವೋಲ್ಟೇಜ್ ಸೋರ್ಸ್, ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಕೆಳಗಿನ ತಂತಿಗೆ ಗ್ರೌಂಡ್ ಚಿಹ್ನೆಯನ್ನು ತಪ್ಪದೆ ಹಾಕಿ. ಎಲ್ಲ ವೋಲ್ಟೇಜುಗಳನ್ನೂ ಅಳೆಯುವುದು ಅಲ್ಲಿಂದಲೇ. ವೋಲ್ಟೇಜ್ ಕಾಲಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆಂದು ತೋರಿಸುವ ಟ್ರಾನ್ಸಿಯಂಟ್ ಅನಾಲಿಸಿಸ್ ಆರಿಸಿ, ಸ್ಟಾಪ್ ಟೈಮ್ 60 ಸೆಕೆಂಡು ಎಂದು ಕೊಟ್ಟು ರನ್ ಮಾಡಿ.

ಸೋರ್ಸಿಗೆ ಬರೀ 12 ವೋಲ್ಟ್ ಡಿಸಿ ಕೊಟ್ಟಿದ್ದರೆ ಏರುವ ವಕ್ರರೇಖೆಯ ಬದಲು 12 ವೋಲ್ಟಿನಲ್ಲಿ ಒಂದು ಸಮತಟ್ಟಾದ ಗೆರೆ ಕಾಣುತ್ತದೆ. ಹೊಸಬರು ಹೆಚ್ಚಾಗಿ ಕಂಗೆಡುವುದು ಇಲ್ಲಿಯೇ. ಪ್ರೋಗ್ರಾಮ್ ಮೊದಲು ಸರ್ಕ್ಯೂಟಿನ ಸ್ಥಿರ ಸ್ಥಿತಿಯನ್ನು ಕಂಡುಹಿಡಿದು, ಕೆಪಾಸಿಟರ್ ಆಗಲೇ ಪೂರ್ತಿ ಚಾರ್ಜ್ ಆಗಿದೆಯೆಂದು ತೆಗೆದುಕೊಂಡು, ಅಲ್ಲಿಂದ ಕಾಲವನ್ನು ಎಣಿಸತೊಡಗುತ್ತದೆ. ನಮಗೆ ಬೇಕಾದದ್ದು ಕರೆಂಟ್ ಬರುವ ಗಳಿಗೆ. ಆದ್ದರಿಂದ ಸೋರ್ಸನ್ನು ಪಲ್ಸ್ ಆಗಿ ಬದಲಿಸಿ, ಆರಂಭಕ್ಕೆ 0, ಆಮೇಲೆ 12 ವೋಲ್ಟ್, ಏರುವ ಕಾಲ 1 ಮಿಲಿಸೆಕೆಂಡ್, ಆನ್ ಇರುವ ಕಾಲ 100 ಸೆಕೆಂಡು ಎಂದು ಕೊಡಿ. ಈಗ ಕರ್ಸರನ್ನು 10 ಸೆಕೆಂಡಿಗೆ ಸರಿಸಿದರೆ ನಿಮ್ಮ ಕಾಗದದ ಲೆಕ್ಕವೇ ಎದುರಾಗುತ್ತದೆ.

ಮುಂದೆ ಕೆಪಾಸಿಟರಿಗೆ ಸಮಾಂತರವಾಗಿ 10 ಕಿಲೋ ಓಮ್ ಲೋಡ್, ಅಂದರೆ ಕರೆಂಟ್ ಎಳೆದುಕೊಳ್ಳುವ ಇನ್ನೊಂದು ರೆಸಿಸ್ಟರ್ ಸೇರಿಸಿ ನೋಡಿ. ವೋಲ್ಟೇಜ್ ಸುಮಾರು 1.1 ವೋಲ್ಟಿನಾಚೆ ಏರುವುದೇ ಇಲ್ಲ. ಹೀಗಾಗಿಯೇ ಕರೆಂಟಿನಿಂದ ನಡೆಯುವ ಸ್ವಿಚ್ಚಾದ ರಿಲೇಯನ್ನು ಕೆಪಾಸಿಟರಿಗೆ ನೇರವಾಗಿ ಜೋಡಿಸದೆ ನಡುವೆ ಟ್ರಾನ್ಸಿಸ್ಟರನ್ನೋ ಟೈಮರ್ ಐಸಿಯನ್ನೋ ಇಡುತ್ತಾರೆ. ಲೋಡನ್ನು 1 ಮೆಗಾ ಓಮಿಗೆ ಏರಿಸಿದರೆ ವೋಲ್ಟೇಜ್ 10.9ರವರೆಗೆ ಹೋಗುತ್ತದೆ, ಆದರೆ ಮೆಗಾ ಎನ್ನಲು ‘ಮೆಗ್’ ಎಂದು ಮೂರು ಅಕ್ಷರ ಬರೆಯಬೇಕು, ಬರೀ ‘ಎಂ’ ಬರೆದರೆ ಪ್ರೋಗ್ರಾಮ್ ಅದನ್ನು ಮಿಲಿ ಎಂದೇ ಓದುತ್ತದೆ.

ಕೊನೆಯದಾಗಿ ಕೆಪಾಸಿಟರನ್ನು 80, ಮತ್ತೆ 120 ಮೈಕ್ರೋಫ್ಯಾರಡ್ ಮಾಡಿ ರನ್ ಮಾಡಿ. ಅಂಗಡಿಯಲ್ಲಿ ಸಿಗುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಲ್ಲಿ ಶೇ 20ರ ಹೆಚ್ಚುಕಡಿಮೆ ಸಾಮಾನ್ಯವಾದ್ದರಿಂದ, 10 ಸೆಕೆಂಡಿನ ಟೈಮರ್ ಬೋರ್ಡಿನ ಮೇಲೆ 8 ಸೆಕೆಂಡಿಗೂ ಕೆಲಸ ಮಾಡಬಹುದು, 12ಕ್ಕೂ ಮಾಡಬಹುದು.