ಕಡಲನ್ನು ಪ್ರೀತಿಸಿದ ಬಾಣಸಿಗರಿಗೆ ನೆನಪಿನ ಊಟ ಏರ್ಪಡಿಸುವ ಬಗೆ

ಅಗಲಿದ ಬಾಣಸಿಗರನ್ನು ನೆನೆಯಲು ಭಾಷಣಗಳಿಗಿಂತ ಅವರದೇ ಅಡುಗೆಯನ್ನು ಮತ್ತೆ ಬಡಿಸುವುದು ಮೇಲೆಂದು ನಾನು ನಂಬಿದ್ದೇನೆ. ಮೊದಲು ಅವರ ಟಿಪ್ಪಣಿ ಪುಸ್ತಕಗಳನ್ನು ಹುಡುಕಿ, ಎಣ್ಣೆಯ ಕಲೆಗಳಿರುವ ಪುಟಗಳ ಛಾಯಾಚಿತ್ರಗಳನ್ನು ತಪ್ಪದೆ ತೆಗೆದಿಡಿ. ಅವರು ಮತ್ತೆ ಮತ್ತೆ ತೆರೆದ ಪುಟಗಳು ಬಹುಶಃ ಅವೇ. ಅಳತೆ ಬರೆದಿಡದೆ ಕಣ್ಣಂದಾಜಿನಲ್ಲಿ ಮಾಡುತ್ತಿದ್ದ ಅಡುಗೆಯನ್ನು, ಅವರೊಡನೆ ಒಲೆಯ ಮುಂದೆ ದುಡಿದ ಸಹಾಯಕರಿಂದ ಮಾಡಿಸಿ, ಪ್ರತಿ ಹಿಡಿಯನ್ನೂ ಪಾತ್ರೆಗೆ ಹಾಕುವ ಮೊದಲು ತೂಗಿ ಬರೆದುಕೊಳ್ಳಿ. ಅವರ ಕಡಲ ಸಾಹಸಯಾನಗಳಲ್ಲಿ ಜೊತೆಗಿದ್ದವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಿ. ಊಟವನ್ನು ದಡದಲ್ಲೇ ಬಡಿಸುವುದಾದರೆ ಗಾಳಿಗೆ ಒಲೆ ಆರದಂತೆ ಮರೆ ಕಟ್ಟಿ, ಉಬ್ಬರದ ವೇಳೆಯನ್ನು ಮೊದಲೇ ತಿಳಿದುಕೊಳ್ಳಿ. ಹೆಚ್ಚಿನ ಕರಾವಳಿಗಳಲ್ಲಿ ನೀರು ಇಳಿತದಿಂದ ಉಬ್ಬರಕ್ಕೆ ಏರಲು ಸುಮಾರು 6 ಗಂಟೆ ಸಾಕು. ಕಡಲಿಗೆ ಬಿಡುವ ಹೂಗಳಲ್ಲಿ ದಾರ, ತಂತಿ, ಪ್ಲಾಸ್ಟಿಕ್ ಇರಕೂಡದು.