ಆರ್‌ವಿ ಫ್ರಿಜ್‌ನ ಸಡಿಲ ಫಿನ್: ನಾನು ಬಿಗಿ ಮಾಡಿದ ಬಗೆ

ಫ್ರೀಜರಿನಲ್ಲಿ ಐಸ್ ಕಲ್ಲಿನಂತಿದೆ, ಕೆಳಗಿನ ಖಾನೆಯಲ್ಲಿ ಹಾಲು ಒಡೆಯುತ್ತಿದೆ. ಆರ್‌ವಿಯಲ್ಲಿ, ಅಂದರೆ ಒಳಗೇ ಉಳಿಯುವಂಥ ಪ್ರವಾಸದ ಗಾಡಿಯಲ್ಲಿ, ಗ್ಯಾಸ್‌ನಲ್ಲಿ ಓಡುವ ಫ್ರಿಜ್ ಹೀಗೆ ಮಾಡಿದರೆ ಬಹಳ ಮಂದಿ ಕೂಲಿಂಗ್ ಯೂನಿಟ್ಟೇ ಹೋಯಿತು ಅಂದುಕೊಳ್ಳುತ್ತಾರೆ. ಫ್ರೀಜರ್ ಸರಿಯಿದ್ದರೆ ನಾನು ಮೊದಲು ನೋಡುವುದು ಒಳಗೋಡೆಯ ಅಲ್ಯೂಮಿನಿಯಂ ಫಿನ್‌ಗಳನ್ನು, ಅಂದರೆ ಒಳಗಿನ ಶಾಖ ಹೀರುವ ಲೋಹದ ರೆಕ್ಕೆಗಳನ್ನು.

ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯ ಆವಿಯಾಗುವ ಕೊಳವೆ ಮೊದಲು ಫ್ರೀಜರಿನ ಹಿಂದೆ ಹಾದು ಆಮೇಲೆ ಕೆಳಕ್ಕೆ ಬರುತ್ತದೆ. ಅದಕ್ಕೆ ಹೊಂದಿಸಿದ ಲೋಹದ ಪಟ್ಟಿಗೆ, ಪ್ಲಾಸ್ಟಿಕ್ ಗೋಡೆಯ ಮೂಲಕ ಸ್ಕ್ರೂ ಹಾಕಿ ಫಿನ್ ಕೂರಿಸಿರುತ್ತಾರೆ. ರಸ್ತೆಯ ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗಿ ಕಾಗದದಷ್ಟು ಸಂದು ಬಿದ್ದರೂ ಸಾಕು, ಫಿನ್ ಹೀರಿದ ಶಾಖ ಕೊಳವೆಗೆ ಸರಿಯಾಗಿ ತಲುಪುವುದಿಲ್ಲ. ಫಿನ್‌ನ ಎರಡೂ ತುದಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ರೋಗ ಸಿಕ್ಕಿತು.

ಫ್ರಿಜ್ ಆಫ್ ಮಾಡಿ, ಗ್ಯಾಸ್ ಮುಚ್ಚಿ, 12 ವೋಲ್ಟ್ ಫ್ಯೂಸ್ ತೆಗೆದು ಬಾಗಿಲು ತೆರೆದಿಡಿ. ಮಂಜು ತಾನಾಗಿ ಕರಗಲಿ. ಚಾಕುವಿನಿಂದ ಕೆರೆಯುವುದೂ ಬೇಡ, ಹೀಟ್ ಗನ್ನೂ ಬೇಡ. ಗೋಡೆಯ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಫಿನ್‌ಗೆ ಸಿಕ್ಕಿಸಿದ ಥರ್ಮಿಸ್ಟರ್ (ತಾಪಮಾನ ಅಳೆಯುವ ಸೆನ್ಸರ್) ಕ್ಲಿಪ್ ಎಲ್ಲಿತ್ತೆಂದು ಮಾರ್ಕರ್‌ನಲ್ಲಿ ಗುರುತು ಹಾಕಿಯೇ ತೆಗೆಯಿರಿ. ಜಾಗ ಬದಲಾದರೆ ಒಳಗಿನ ತಂಪೂ ಬದಲಾಗುತ್ತದೆ.

ಸ್ಕ್ರೂ ಬಿಚ್ಚಿ ಫಿನ್ ಹೊರತೆಗೆದ ಮೇಲೆ ಒಣಗಿದ ಹಳೆಯ ಥರ್ಮಲ್ ಪೇಸ್ಟನ್ನು (ಶಾಖ ದಾಟಿಸುವ ಲೇಪ) ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಬೇಕು. ಒಣಗಿದ ಮೇಲೆ ಲೋಹಕ್ಕೆ ಲೋಹ ತಾಗುವ ಜಾಗಕ್ಕೆ ಮಾತ್ರ ಥರ್ಮಲ್ ಪೇಸ್ಟಿನ ತೆಳು ಪದರ. ಬಾತ್‌ರೂಮಿಗೆ ಬಳಿಯುವ ಸಿಲಿಕೋನ್ ಸೀಲಂಟ್ ಇಲ್ಲಿ ಹಚ್ಚಬಾರದು, ಅದು ಶಾಖವನ್ನು ತಡೆಯುತ್ತದೆ.

ಅಪಾಯ ಇರುವುದು ಸ್ಕ್ರೂವಿನಲ್ಲಿ. ಥ್ರೆಡ್ ಹೋಗಿ ಸುಮ್ಮನೆ ತಿರುಗುತ್ತಿದ್ದರೆ ಉದ್ದದ್ದನ್ನು ಹಾಕುವ ಮನಸ್ಸಾಗುತ್ತದೆ. ಖಂಡಿತ ಬೇಡ. ಹಿಂದಿನ ಕೊಳವೆಯಲ್ಲಿ ಅಮೋನಿಯ, ಹೈಡ್ರೋಜನ್ ಹೆಚ್ಚಿನ ಒತ್ತಡದಲ್ಲಿರುತ್ತವೆ; ಮೊನೆ ಅದನ್ನು ತೂತು ಮಾಡಿದರೆ ವಿಷದ ಗಾಳಿ ಹೊರಬರುತ್ತದೆ, ಯೂನಿಟ್ಟೂ ಹೋಗುತ್ತದೆ. ಅದೇ ಉದ್ದದ, ಒಂದು ಸೈಜ್ ದಪ್ಪದ ಸ್ಟೇನ್‌ಲೆಸ್ ಸ್ಕ್ರೂ ಹುಡುಕಿ: ನಂಬರ್ 8 ಇದ್ದಲ್ಲಿ ನಂಬರ್ 10. ಡ್ರಿಲ್ ಮುಟ್ಟಬೇಡಿ, ಕೈಯ ಸ್ಕ್ರೂಡ್ರೈವರ್ ಸಾಕು. ಎಲ್ಲವನ್ನೂ ಅರ್ಧ ಅರ್ಧ ಕೂರಿಸಿ, ನಡುವಿನಿಂದ ಅಂಚಿಗೆ ಬಿಗಿ ಮಾಡುತ್ತಾ ಹೋಗಿ. ಅಂಚಿನಲ್ಲಿ ಸ್ವಲ್ಪ ಪೇಸ್ಟ್ ಹೊರಬಂದರೆ ಒಳ್ಳೆಯದೇ.

ಥರ್ಮಿಸ್ಟರನ್ನು ಗುರುತಿನಲ್ಲೇ ಸಿಕ್ಕಿಸಿ, ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸಿ ಫ್ರಿಜ್ ಶುರು ಮಾಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ಮಾರನೆಯ ದಿನ ನೋಡಿ; ಈ ಫ್ರಿಜ್‌ಗಳು ತಣ್ಣಗಾಗುವುದೇ ನಿಧಾನ. ನೀರು 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಿರಬೇಕು. ಒಳಗೆ ಇಡುವ ಬ್ಯಾಟರಿ ಫ್ಯಾನ್ ಗಾಳಿ ಆಡಿಸುತ್ತದೆ ನಿಜ, ಸಡಿಲ ಫಿನ್‌ಗೆ ಅದು ಮದ್ದಲ್ಲ.

ಫಿನ್ ಬಿಗಿಯಾಗಿದ್ದೂ ತಂಪಿಲ್ಲದಿದ್ದರೆ ಬಾಗಿಲಿನ ರಬ್ಬರ್, ಹೊರಗಿನ ಗಾಳಿಕಿಂಡಿ, ಬರ್ನರ್ ನೋಡಿ. ಹಿಂಬದಿಯ ಕೊಳವೆಗಳ ಮೇಲೆ ಹಳದಿ ಪುಡಿಯಿದ್ದರೆ ಅಥವಾ ಅಮೋನಿಯದ ಘಾಟು ಬಂದರೆ ಸೋರಿಕೆಯಾಗಿದೆ. ಫ್ರಿಜ್ ಆರಿಸಿ, ಕಿಟಕಿ ತೆರೆದು ತಂತ್ರಜ್ಞರನ್ನು ಕರೆಯಿರಿ.